ಹುರುಳಿಲ್ಲದ ಅಪೀಲಿಗೂ ಒಬ್ಬ ವಕೀಲ

ಅಪರಾಧಿಯೆಂದು ನ್ಯಾಯಾಲಯವೇ ತೀರ್ಮಾನಿಸಿ ಶಿಕ್ಷೆ ವಿಧಿಸಿದ ಮೇಲೆ, ಅಂಥವನ ಅಪೀಲು ನಡೆಸಲು ಸರ್ಕಾರದ ಬೊಕ್ಕಸದಿಂದ ವಕೀಲರಿಗೆ ಹಣ ಕೊಡುವುದು ಯಾವ ನ್ಯಾಯ? ಅದೂ ಅಪೀಲಿನಲ್ಲಿ ಹುರುಳಿಲ್ಲವೆಂದು ಆ ವಕೀಲರಿಗೇ ಗೊತ್ತಿರುವಾಗ? ಕುಂದಾಪುರದ ನ್ಯಾಯಾಲಯದ ಅಂಗಳದಲ್ಲಾಗಲಿ, ಬೈಂದೂರಿನ ಬಸ್ಸು ನಿಲ್ದಾಣದಲ್ಲಾಗಲಿ, ಬ್ರಹ್ಮಾವರದ ಸಂತೆಯಲ್ಲಾಗಲಿ ಈ ಮಾತೆತ್ತಿದರೆ ಕೇಳಿಬರುವ ಪ್ರಶ್ನೆ ಇದೇ. ಪ್ರಶ್ನೆ ಒರಟಾಗಿದೆಯೇ ಹೊರತು ಅಸಂಬದ್ಧವಾದುದಲ್ಲ. ಸತ್ತವನ ಮನೆಯವರು ಇದನ್ನು ಕೇಳಿದರೆ ಎದುರು ಕುಳಿತವರು ಯಾರೇ ಆಗಲಿ ಒಡನೆಯೇ ಉತ್ತರ ಕೊಡಲಾರರು. ಆದರೂ ಈ ತಿಂಗಳು ನಾವು ಆ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ಓದುಗರ ಮುಂದಿಡಬಯಸುತ್ತೇವೆ. ಸೆರೆಮನೆಯಲ್ಲಿರುವವನಿಗೂ ಊರಿನಲ್ಲಿ ತಾಯಿ, ಹೆಂಡತಿ, ಮಕ್ಕಳು ಇರುತ್ತಾರೆ. ಈ ಪತ್ರಿಕೆ ತಲುಪುವ ಮನೆಗಳಲ್ಲಿಯೂ ಅಂಥವರು ಇಲ್ಲದಿಲ್ಲ.

ಕರಾವಳಿಯ ಈ ಮೂರು ತಾಲ್ಲೂಕುಗಳೊಡನೆ ನಮ್ಮ ಸಮಾಜದ ನಂಟು ಹೊಸದೇನಲ್ಲ. ಕೆಳದಿಯ ಅರಸರ ಕಾಲದಲ್ಲಿ ಬಸ್ರೂರು, ಗಂಗೊಳ್ಳಿಗಳು ಆ ಸಂಸ್ಥಾನಕ್ಕೆ ಕಡಲ ವ್ಯಾಪಾರದ ಬಾಗಿಲುಗಳಾಗಿದ್ದುವು. ಇಂದಿನ ನಂಟು ಬೇರೆ ಬಗೆಯದು. ಮಳೆ ಕೈಕೊಟ್ಟ ವರ್ಷ ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರುಗಳ ಕಡೆಯಿಂದ ಘಟ್ಟ ಇಳಿದು ಬಂದು ಗಾರೆಕೆಲಸ, ಕಲ್ಲುಕೆಲಸ, ರಸ್ತೆಯ ಕೂಲಿ ಹಿಡಿದವರು ಇಲ್ಲಿ ಬಹಳ. ಅನೇಕರಿಗೆ ಕೆಲಸ ನಡೆಯುವ ಜಾಗದ ತಗಡಿನ ಶೆಡ್ಡೇ ಮನೆ. ಎಲ್ಲ ಜಾತಿಯವರೂ ಅವರಲ್ಲಿದ್ದಾರೆ, ನಮ್ಮವರೂ ಇದ್ದಾರೆ. ನಾಲ್ಕು ಜನ ದುಡಿಯುವಲ್ಲಿ ಜಗಳ, ಕುಡಿತ, ಒಮ್ಮೊಮ್ಮೆ ಅದಕ್ಕಿಂತ ಘೋರವಾದುದೂ ನಡೆದುಹೋಗುತ್ತದೆ. ಸುದ್ದಿ ಊರಿಗೆ ಮುಟ್ಟುವ ಹೊತ್ತಿಗೆ ಮಗ ಬಂಧನದಲ್ಲಿರುತ್ತಾನೆ.

ಆಮೇಲಿನ ದಾರಿಯನ್ನು ಸ್ವಲ್ಪ ವಿವರಿಸಬೇಕು. ಉಡುಪಿ ಜಿಲ್ಲೆ 1997ರ ಆಗಸ್ಟ್‌ನಲ್ಲಿ ದಕ್ಷಿಣ ಕನ್ನಡದಿಂದ ಬೇರೆಯಾಯಿತು. ಬೈಂದೂರು ಮತ್ತು ಬ್ರಹ್ಮಾವರ 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾಗಿ ಕೆಲಸ ಆರಂಭಿಸಿದುವು. ಕುಂದಾಪುರದಲ್ಲಿ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವೂ ಕುಳಿತುಕೊಳ್ಳುತ್ತದೆ. ಮ್ಯಾಜಿಸ್ಟ್ರೇಟರು ಕೊಟ್ಟ ಶಿಕ್ಷೆಯ ಮೇಲಿನ ಅಪೀಲು ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ. ಅದು ಹತ್ತಿರದ ದಾರಿ. ಸೆಷನ್ಸ್ ನ್ಯಾಯಾಧೀಶರೇ ಶಿಕ್ಷೆ ಕೊಟ್ಟಿದ್ದರೆ ಅಪೀಲು ಉಚ್ಚ ನ್ಯಾಯಾಲಯಕ್ಕೆ, ಉಡುಪಿ ಜಿಲ್ಲೆಯ ಮಟ್ಟಿಗೆ ಬೆಂಗಳೂರಿಗೆ, ಹೋಗಬೇಕು. 2008ರಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಉಚ್ಚ ನ್ಯಾಯಾಲಯದ ಪೀಠಗಳು ಆರಂಭವಾದಾಗ ಉತ್ತರ ಕರ್ನಾಟಕದವರು ನ್ಯಾಯ ಮನೆಬಾಗಿಲಿಗೆ ಬಂತೆಂದು ಸಂತೋಷಪಟ್ಟರು. ಸಂತೋಷಪಡುವಂಥದೇ ಹೌದು. ಆದರೆ ಅಪೀಲು ಅಪರಾಧಿಯ ಊರನ್ನು ಹಿಂಬಾಲಿಸುವುದಿಲ್ಲ, ವಿಚಾರಣೆ ನಡೆದ ನ್ಯಾಯಾಲಯವನ್ನು ಹಿಂಬಾಲಿಸುತ್ತದೆ. ಬಾದಾಮಿಯ ತಾಯಿಗೆ ಧಾರವಾಡ ಹತ್ತಿರ. ಆದರೆ ಮಗನ ಅಪೀಲು ಬೆಂಗಳೂರಿನಲ್ಲಿ. ಮಗನು ಹಿರಿಯಡ್ಕದ ಕಾರಾಗೃಹದಲ್ಲಿ, ಇಲ್ಲವೆ ಶಿಕ್ಷೆ ದೀರ್ಘವಾದುದಾದರೆ ದೂರದ ಯಾವುದೋ ಕೇಂದ್ರ ಕಾರಾಗೃಹದಲ್ಲಿ. ಸಾಕ್ಷಿಗಳು ಬ್ರಹ್ಮಾವರದವರು. ಇಷ್ಟು ದಿಕ್ಕುಗಳನ್ನು ಒಟ್ಟುಗೂಡಿಸಬಲ್ಲವನು ಒಬ್ಬನೇ: ಹಣವಿಲ್ಲದವನಿಗೆಂದು ನೇಮಕಗೊಂಡ ವಕೀಲ. ಆತನು ‘ಇದರಲ್ಲೇನೂ ಇಲ್ಲ’ ಎಂದು ಕಡತವನ್ನು ಮಡಿಸಿಟ್ಟರೆ ಅಲ್ಲಿಗೆ ಎಲ್ಲವೂ ಮುಗಿಯಿತು.

ಈ ಹಕ್ಕು ನಮ್ಮ ದೇಶದಲ್ಲಿ ಸ್ಪಷ್ಟರೂಪ ಪಡೆದ ಬಗೆ ಕುತೂಹಲಕರವಾಗಿದೆ; ಅದರ ಮೂಲದಲ್ಲಿ ನಮ್ಮ ಧಾರವಾಡದ ಹೆಸರೂ ಇದೆ. ಸೌರಾಷ್ಟ್ರ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದ ಹೊಸ್ಕೋಟ್ ಎಂಬವರು ಮುಂಬಯಿಯ ಬ್ಲಾಕು ತಯಾರಿಸುವ ಸಂಸ್ಥೆಯೊಂದಕ್ಕೆ ಹೋಗಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆಯನ್ನು ಮಾಡಿಕೊಡಬೇಕೆಂದು ಕೇಳಿದರು. ಕುಲಪತಿಗಳ ಆಪ್ತ ಸಹಾಯಕರ ಸಹಿಯುಳ್ಳದ್ದೆಂದು ತೋರುವ ಅಧಿಕಾರಪತ್ರವನ್ನೂ ಒದಗಿಸಿದ್ದರು; ಅದು ಖೋಟಾ. ಸುಳ್ಳು ಪದವಿಪತ್ರಗಳ ಹಂಚಿಕೆ ಹೀಗೆ ಬಯಲಾಯಿತು. ಸೆಷನ್ಸ್ ನ್ಯಾಯಾಲಯ ತಪ್ಪಿತಸ್ಥರೆಂದು ತೀರ್ಮಾನಿಸಿಯೂ ಆ ದಿನದ ಕಲಾಪ ಮುಗಿಯುವವರೆಗಿನ ಸಜೆಯನ್ನಷ್ಟೇ ಕೊಟ್ಟಿತು. ಸರ್ಕಾರ ಮೇಲೆ ಹೋದಾಗ 1973ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಅದನ್ನು ಮೂರು ವರ್ಷಕ್ಕೆ ಏರಿಸಿತು. ಹೊಸ್ಕೋಟ್ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದ್ದು ನಾಲ್ಕು ವರ್ಷಗಳಿಗೂ ಹೆಚ್ಚು ತಡವಾಗಿ. ತಡವೇಕೆಂದರೆ ತೀರ್ಪಿನ ನಕಲು ತಮ್ಮ ಕೈಗೆ ಬರಲೇ ಇಲ್ಲವೆಂಬುದು ಅವರ ಹೇಳಿಕೆ. ಕೊಟ್ಟಿದ್ದೆವೆಂದು ಸೆರೆಮನೆಯವರು ಹೇಳಿದರಾದರೂ, ಪಡೆದುದಕ್ಕೆ ಕೈದಿಯ ಸಹಿ ಅವರಲ್ಲಿರಲಿಲ್ಲ.

1978ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪಿನಲ್ಲಿ ಹೊಸ್ಕೋಟ್ ಅವರ ಕೋರಿಕೆ ವಜಾ ಆಯಿತು. ಅದರಲ್ಲಿ ಹುರುಳಿರಲಿಲ್ಲ. ಸೆಷನ್ಸ್ ನ್ಯಾಯಾಲಯದ ಮೃದುತನವನ್ನೂ ಅವರು ಕಟುವಾಗಿಯೇ ಟೀಕಿಸಿದರು. ಆದರೆ ಅದೇ ತೀರ್ಪಿನಲ್ಲಿ, ಶಿಕ್ಷೆಗೊಳಗಾದ ಪ್ರತಿಯೊಬ್ಬನಿಗೂ ತೀರ್ಪಿನ ನಕಲು ಉಚಿತವಾಗಿ ಹಾಗೂ ಬೇಗನೆ ದೊರೆಯಬೇಕು, ಸೆರೆಮನೆಯ ಅಧಿಕಾರಿ ಅದನ್ನು ತಲುಪಿಸಿ ಲಿಖಿತ ಸ್ವೀಕೃತಿ ಪಡೆಯಬೇಕು, ವಕೀಲರನ್ನು ಇಟ್ಟುಕೊಳ್ಳಲಾರದ ಕೈದಿಗೆ ನ್ಯಾಯಕ್ಕೆ ಅಗತ್ಯವೆನಿಸಿದಾಗ ನ್ಯಾಯಾಲಯವೇ ಸಮರ್ಥ ವಕೀಲರನ್ನು ಒದಗಿಸಬೇಕು, ಆ ವಕೀಲರ ಶುಲ್ಕವನ್ನು ಸರ್ಕಾರ ತೆರಬೇಕು ಎಂದು ವಿಧಿಸಲಾಯಿತು. ಇಂದು ಬೈಂದೂರಿನ ಮೀನುಗಾರನೊಬ್ಬನಿಗಾಗಲಿ, ಬಾದಾಮಿಯ ಗಾರೆಯವನಿಗಾಗಲಿ ಅಪೀಲಿನಲ್ಲಿ ಸರ್ಕಾರದ ಖರ್ಚಿನ ವಕೀಲರು ಸಿಗುತ್ತಿರುವುದಕ್ಕೆ, ತನ್ನ ಮಟ್ಟಿಗೆ ಸೋತುಹೋದ ಈ ಪ್ರಕರಣವೇ ಮುಖ್ಯ ಆಧಾರಗಳಲ್ಲೊಂದು. ಹುರುಳಿಲ್ಲದ ಅಪೀಲುಗಳೆಲ್ಲ ವ್ಯರ್ಥವೆನ್ನುವವರು ಈ ಕಥೆಯನ್ನು ಒಮ್ಮೆ ಓದಬೇಕು.

ಅದಕ್ಕೂ ಎರಡು ವರ್ಷ ಮೊದಲೇ, 1976ರ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 39-ಎ ವಿಧಿ ಸೇರಿ, ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದೆಂಬ ಮಾತು ಬರೆಹಕ್ಕಿಳಿದಿತ್ತು. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ ಬಂತು. ಜಾರಿಗೆ ಬರಲು 1995ರ ನವೆಂಬರ್ 9ರವರೆಗೆ ಕಾಯಬೇಕಾಯಿತು. ಆ ಅಧಿನಿಯಮದ 12ನೆಯ ಕಲಮಿನಂತೆ ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನದ ಮಿತಿಯಿಲ್ಲದೆ ನೆರವು ಸಿಗುತ್ತದೆ. ಅದರ ಮರುಕಲಮೇ ಒಂದು ಷರತ್ತನ್ನಿಡುತ್ತದೆ: ಮೇಲ್ನೋಟಕ್ಕಾದರೂ ವಾದಿಸಬಹುದಾದ ಪ್ರಕರಣವಿದೆಯೆಂದು ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು. ಸಿವಿಲ್ ವ್ಯಾಜ್ಯದಲ್ಲಿ ಇದು ವಿವೇಕದ ಮಾತು. ನೆರೆಯವನ ಮೇಲಿನ ಹಟಕ್ಕಾಗಿ ದಾವೆ ಹೂಡುವವನಿಗೆ ಸರ್ಕಾರ ವಕೀಲರನ್ನೇಕೆ ಕೊಡಬೇಕು? ಆದರೆ ಜೀವಾವಧಿ ಶಿಕ್ಷೆ ಹೊತ್ತು ಕುಳಿತವನ ಮೊದಲ ಅಪೀಲನ್ನು ಇದೇ ತಕ್ಕಡಿಯಲ್ಲಿ ತೂಗಬಹುದೆ? ತೂಗಬಾರದೆಂಬುದೇ ನಮ್ಮ ನಿಲುವು. ಮೊದಲ ಅಪೀಲು ಕಾನೂನು ಕೊಟ್ಟ ಹಕ್ಕು. ಹಣವಿದ್ದವನ ಅಪೀಲಿನಲ್ಲಿ ಹುರುಳಿದೆಯೇ ಎಂದು ದಾಖಲಿಸುವ ಮೊದಲು ಯಾರೂ ಕೇಳುವುದಿಲ್ಲ. ಹಣವಿಲ್ಲದವನನ್ನು ಮಾತ್ರ ಬಾಗಿಲಲ್ಲಿ ತಡೆದು ಕೇಳುವುದು ಸರಿಯಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆ ನೇರವಾಗಿಯೇ ಎದ್ದಿತ್ತು. ಕ್ಯಾಲಿಫೋರ್ನಿಯದಲ್ಲಿ ಗಾಂಜಾ ಇಟ್ಟುಕೊಂಡುದಕ್ಕಾಗಿ ಶಿಕ್ಷೆಯಾದ ಆಂಡರ್ಸ್ ಎಂಬವನಿಗೆ ಅಪೀಲಿನಲ್ಲಿ ವಕೀಲರನ್ನು ನೇಮಿಸಲಾಯಿತು. ಕಡತವನ್ನು ಓದಿದ ಆ ವಕೀಲರು, ಇದರಲ್ಲಿ ಹುರುಳಿಲ್ಲ, ತಾವು ವಾದಪತ್ರ ಸಲ್ಲಿಸುವುದಿಲ್ಲವೆಂದು ನ್ಯಾಯಾಲಯಕ್ಕೊಂದು ಪತ್ರ ಬರೆದು ಕೈಬಿಟ್ಟರು. ಬೇರೆ ವಕೀಲರನ್ನು ಕೊಡಿರೆಂದು ಕೈದಿ ಕೇಳಿದರೆ ಕೊಡಲಿಲ್ಲ. 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ವಕೀಲರು ಪ್ರಾಮಾಣಿಕವಾಗಿ ಹುರುಳಿಲ್ಲವೆಂದು ಕಂಡುಕೊಂಡರೆ ಬಿಡುಗಡೆ ಕೇಳಬಹುದು. ಆದರೆ ಕೈದಿಗೆ ಅನುಕೂಲವಾಗಬಹುದಾದ ಪ್ರತಿಯೊಂದು ಅಂಶವನ್ನೂ ಕಡತದಿಂದ ಹೆಕ್ಕಿ ಬರೆದುಕೊಡಬೇಕು, ಕೈದಿಗೆ ಅದರ ಪ್ರತಿ ಸಿಗಬೇಕು, ನ್ಯಾಯಾಲಯ ತಾನೇ ಇಡೀ ಕಡತವನ್ನು ನೋಡಬೇಕು ಎಂದಿತು. ತನ್ನ ಕಕ್ಷಿದಾರನ ವಿರುದ್ಧ ವಕೀಲನೇ ಬರೆದುಕೊಟ್ಟಂತಾಗುವುದಿಲ್ಲವೆ ಎಂಬ ಆಕ್ಷೇಪ ಅಲ್ಲಿ ಅಂದಿನಿಂದಲೂ ಇದೆ. 2000ದಲ್ಲಿ ಅದೇ ನ್ಯಾಯಾಲಯ, ಬೇರೆ ರಾಜ್ಯಗಳು ಬೇರೆ ವಿಧಾನವನ್ನೂ ಅನುಸರಿಸಬಹುದು, ಹಕ್ಕಿನ ರಕ್ಷಣೆಯಾದರೆ ಸಾಕು ಎಂದು ಸಡಿಲಿಸಿತು.

ನಮ್ಮಲ್ಲಿ ಇಂಥ ಪತ್ರ ಬರೆದು ವಕೀಲರು ಕೈತೊಳೆದುಕೊಳ್ಳುವ ಪದ್ಧತಿ ಬೆಳೆಯಲಿಲ್ಲ. ಬಾರ್ ಕೌನ್ಸಿಲಿನ ನಿಯಮಗಳ ಪ್ರಕಾರ ಆರೋಪಿಯ ತಪ್ಪಿನ ಬಗೆಗೆ ತನ್ನ ಸ್ವಂತ ಅಭಿಪ್ರಾಯವೇನೇ ಇರಲಿ ವಕೀಲನು ಅವನ ಪರ ನಿಲ್ಲಬೇಕು. ಒಪ್ಪಿಕೊಂಡ ಪ್ರಕರಣವನ್ನು ತಕ್ಕ ಕಾರಣವೂ ಮುನ್ಸೂಚನೆಯೂ ಇಲ್ಲದೆ ಬಿಡುವಂತಿಲ್ಲ. ಇನ್ನು ನ್ಯಾಯಾಲಯದ ಹೊಣೆ. ವಕೀಲರು ಬಾರದ ಮಾತ್ರಕ್ಕೆ ಕ್ರಿಮಿನಲ್ ಅಪೀಲನ್ನು ವಜಾ ಮಾಡಕೂಡದು, ಕಡತವನ್ನು ಓದಿ ಗುಣಾವಗುಣದ ಮೇಲೆಯೇ ತೀರ್ಮಾನಿಸಬೇಕು, ಅಪೀಲುದಾರ ಸೆರೆಯಲ್ಲಿದ್ದು ವಕೀಲರು ಬಾರದಿದ್ದರೆ ಸರ್ಕಾರದ ಖರ್ಚಿನಲ್ಲಿ ಬೇರೆಯವರನ್ನು ನೇಮಿಸಬಹುದು ಎಂದು 1996ರಲ್ಲಿ ಬಾನಿ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ನಮ್ಮ ರಾಜ್ಯದಿಂದಲೇ ಹೋದ ಕೆ. ಎಸ್. ಪಾಂಡುರಂಗ ಪ್ರಕರಣದಲ್ಲಿ 2013ರಲ್ಲಿ ಆ ಮಾತನ್ನು ಮತ್ತೆ ಎತ್ತಿಹಿಡಿಯಲಾಯಿತು. ಸೆರೆಮನೆಯ ಮೂಲಕ ಬಂದ ಅಪೀಲನ್ನು ಆರಂಭದಲ್ಲೇ ತಳ್ಳಿಹಾಕುವ ಅಧಿಕಾರ ನ್ಯಾಯಾಲಯಕ್ಕಿದೆ, ನಿಜ. ಆದರೆ ಆಗಲೂ ಕಾಗದಪತ್ರಗಳನ್ನು ನೋಡಿಯೇ ತಳ್ಳಬೇಕು. ಅಪೀಲು ಬರಿಯ ನಿರರ್ಥಕವೆಂದೋ, ಕೈದಿಯನ್ನು ಕರೆತರುವುದು ವಿಪರೀತ ತೊಂದರೆಯೆಂದೋ ಕಂಡಾಗ ಹೊರತು ಆತನ ಮಾತನ್ನು ಕೇಳಲೇಬೇಕು.

ಕಾಗದದ ಮೇಲೆ ಎಲ್ಲವೂ ಚೆನ್ನಾಗಿಯೇ ಇದೆ ಎಂದಾಯಿತು. ಕೊರತೆ ಇರುವುದು ಬೇರೆಡೆ. ಅಮೆರಿಕದ ವಕೀಲರು ಹುರುಳಿಲ್ಲವೆಂದು ಪತ್ರದಲ್ಲಾದರೂ ಬರೆದರು. ನಮ್ಮಲ್ಲಿ ಹಾಗೆ ಬರೆಯುವವರಿಲ್ಲ. ಅದರ ಬದಲು, ಕೆಳ ನ್ಯಾಯಾಲಯದ ತೀರ್ಪು ಕಾನೂನಿಗೂ ಸಾಕ್ಷ್ಯಕ್ಕೂ ಪ್ರಕರಣದ ಸಂಭವನೀಯತೆಗೂ ವಿರುದ್ಧವಾಗಿದೆ ಎಂಬ ಒಂದೇ ಅಚ್ಚಿನ ನಾಲ್ಕು ವಾಕ್ಯಗಳನ್ನು ಅಪೀಲಿನ ಮನವಿಯಲ್ಲಿ ತುಂಬಿಸಿ, ವಿಚಾರಣೆಯ ದಿನ ಎದ್ದು ನಿಂತು ಅದನ್ನೇ ಹೇಳಿ ಕುಳಿತುಕೊಳ್ಳುವುದುಂಟು. ಎಲ್ಲರೂ ಹೀಗೆ ಮಾಡುತ್ತಾರೆನ್ನುವುದು ಅನ್ಯಾಯವಾದೀತು. ಅಲ್ಪ ಶುಲ್ಕಕ್ಕೆ ರಾತ್ರಿಯೆಲ್ಲ ಕಡತ ಓದಿ ಬರುವ ಕಿರಿಯ ವಕೀಲರೂ ಇದ್ದಾರೆ. ಆದರೆ ಆ ಅಚ್ಚಿನ ವಾಕ್ಯಗಳು ಹುರುಳಿಲ್ಲವೆಂಬ ಪತ್ರಕ್ಕಿಂತ ಕೆಟ್ಟವೆಂದು ನಮಗನ್ನಿಸುತ್ತದೆ. ಪತ್ರ ಬರೆದರೆ ತಾನು ಕೈಬಿಟ್ಟಿದ್ದೇನೆಂದು ಎಲ್ಲರಿಗೂ ತಿಳಿಯುತ್ತದೆ. ಅಚ್ಚಿನ ವಾಕ್ಯಗಳಲ್ಲಿ ಕೈಬಿಟ್ಟದ್ದು ಕೈದಿಗೂ ತಿಳಿಯುವುದಿಲ್ಲ. ಕಾಯಕವೆಂಬ ಮಾತನ್ನು ನಾವು ಸಭೆಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಸಂಭಾವನೆ ಕಡಿಮೆಯಾದಲ್ಲಿ ದುಡಿಮೆಯೂ ಕಡಿಮೆಯಾಗಬಹುದೆಂದು ಆ ಮಾತಿನಲ್ಲಿ ಎಲ್ಲಿಯೂ ಅರ್ಥವಿಲ್ಲ.

ಹುರುಳಿಲ್ಲ ಎಂಬ ತೀರ್ಮಾನಕ್ಕೆ ಎಷ್ಟು ಬೇಗ ಬರಬಹುದು, ಅದು ಎಷ್ಟು ತಪ್ಪಾಗಬಹುದು ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಬ್ರಹ್ಮಾವರದ ಬಳಿಯ ಕಟ್ಟಡವೊಂದರ ಶೆಡ್ಡಿನಲ್ಲಿ ರಾತ್ರಿ ಊಟದ ಹೊತ್ತಿಗೆ ಇಬ್ಬರು ಕೂಲಿಯವರಿಗೆ ಮಾತಿಗೆ ಮಾತು ಬೆಳೆಯುತ್ತದೆ. ಒಬ್ಬನು ಅಲ್ಲೇ ಇದ್ದ ಹಾರೆಯಿಂದ ಒಂದೇಟು ಹಾಕುತ್ತಾನೆ, ಇನ್ನೊಬ್ಬನು ಸಾಯುತ್ತಾನೆ. ನೋಡಿದವರು ಐವರು, ಹಾರೆ ಸಿಕ್ಕಿದೆ, ವೈದ್ಯರ ವರದಿ ಹೊಂದುತ್ತದೆ. ಕೊಲೆಯೆಂದು ಜೀವಾವಧಿ ಶಿಕ್ಷೆಯಾಗುತ್ತದೆ. ‘ನಾನು ಹೊಡೆಯಲೇ ಇಲ್ಲ, ನನ್ನನ್ನು ಸಿಕ್ಕಿಸಿದ್ದಾರೆ’ ಎಂದು ಕೈದಿ ಅಪೀಲಿನಲ್ಲಿ ಹೇಳಬಯಸುತ್ತಾನೆ. ಈ ವಾದದಲ್ಲಿ ಹುರುಳಿಲ್ಲ, ಯಾವ ವಕೀಲರಿಗೂ ಕಾಣುತ್ತದೆ. ಆದರೆ ಕಡತವನ್ನು ಕೊನೆಯವರೆಗೆ ಓದಿದವರಿಗೆ ಬೇರೊಂದು ಸಂಗತಿಯೂ ಕಂಡೀತು. ಮೊದಲೇ ಸಂಚು ಹೂಡಿರಲಿಲ್ಲ, ಜಗಳ ಹಠಾತ್ತಾಗಿ ಹುಟ್ಟಿತು, ಏಟು ಒಂದೇ, ಕ್ರೌರ್ಯದಿಂದ ಮತ್ತೆ ಮತ್ತೆ ಹೊಡೆದದ್ದಲ್ಲ. ಭಾರತ ದಂಡ ಸಂಹಿತೆಯ 300ನೆಯ ಕಲಮಿನ ನಾಲ್ಕನೆಯ ಅಪವಾದ ಇಂಥದಕ್ಕಾಗಿಯೇ ಇತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಉಳಿದುಕೊಂಡಿದೆ. ಅದು ಅನ್ವಯವಾದರೆ ಅಪರಾಧ ಕೊಲೆಯಲ್ಲ, ಕೊಲೆಯೆನಿಸದ ನರಹತ್ಯೆ. ಜೀವಾವಧಿಯ ಜಾಗದಲ್ಲಿ ಹತ್ತು ವರ್ಷ, ಏಳು ವರ್ಷ, ಕೆಲವೊಮ್ಮೆ ಅದಕ್ಕೂ ಕಡಿಮೆ ಬರಬಹುದು. ಕೈದಿ ಕೇಳಿದ್ದು ಬಿಡುಗಡೆಯನ್ನು. ಕಡತದಲ್ಲಿ ಇದ್ದದ್ದು ಬೇರೆ. ಅದನ್ನು ಹುಡುಕಿಕೊಡುವುದೇ ನೇಮಿತ ವಕೀಲನ ಕೆಲಸ.

ಕೆಲವು ಸಂಗತಿಗಳಂತೂ ಕಡತದಲ್ಲೇ ಇರುವುದಿಲ್ಲ. ಅಪರಾಧ ನಡೆದ ದಿನ ಹುಡುಗನಿಗೆ ಹದಿನೆಂಟು ತುಂಬಿರಲಿಲ್ಲವೆಂದಾದರೆ ಇಡೀ ಪ್ರಕರಣದ ಸ್ವರೂಪವೇ ಬದಲಾಗುತ್ತದೆ. ಬಾಲನ್ಯಾಯ ಕಾಯಿದೆಯ ಪ್ರಕಾರ ಈ ವಾದವನ್ನು ಯಾವ ನ್ಯಾಯಾಲಯದ ಮುಂದಾದರೂ, ಯಾವ ಹಂತದಲ್ಲಾದರೂ, ಪ್ರಕರಣ ಅಂತಿಮವಾಗಿ ಮುಗಿದ ಮೇಲೂ ಎತ್ತಬಹುದು. ಕೂಲಿಗೆ ಬರುವ ಹುಡುಗರು ಕೆಲಸ ಸಿಗಲೆಂದು ವಯಸ್ಸನ್ನು ಹೆಚ್ಚಿಸಿ ಹೇಳುವುದು ಅಪರೂಪವೇನಲ್ಲ; ಗುತ್ತಿಗೆದಾರನ ಪುಸ್ತಕದಲ್ಲಿ ಹತ್ತೊಂಬತ್ತು ಎಂದು ಬರೆದದ್ದೇ ಪೊಲೀಸರ ಕಾಗದಕ್ಕೂ ಬರುತ್ತದೆ. ಸತ್ಯ ಇರುವುದು ಕೊಪ್ಪಳದ ಕಡೆಯ ಯಾವುದೋ ಹಳ್ಳಿಯ ಪ್ರಾಥಮಿಕ ಶಾಲೆಯ ದಾಖಲಾತಿ ವಹಿಯಲ್ಲಿ. ವಕೀಲರು ಮನೆಯವರನ್ನು ವಿಚಾರಿಸದಿದ್ದರೆ ಅದು ಅಲ್ಲಿಯೇ ಉಳಿಯುತ್ತದೆ. ಇನ್ನು ವಿಚಾರಣೆಯ ಕಾಲದಲ್ಲಿ ಸೆರೆಯಲ್ಲಿ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ಕಳೆದುಕೊಟ್ಟಿದ್ದಾರೆಯೆ, ಎರಡು ಶಿಕ್ಷೆಗಳು ಒಟ್ಟಿಗೆ ನಡೆಯಬೇಕೋ ಒಂದಾದ ಮೇಲೊಂದೋ ಎಂಬ ಸಣ್ಣ ಲೆಕ್ಕಗಳಿವೆ. ವಕೀಲರಿಗೆ ಸಣ್ಣವಿರಬಹುದು, ಒಳಗಿರುವವನಿಗೆ ಅವು ವರ್ಷಗಳು.

ಕಲ್ಯಾಣದಲ್ಲಿ ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾದ ಕಥನ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಆ ಶಿಕ್ಷೆಗೆ ಅಪೀಲಿರಲಿಲ್ಲ. ಅವರು ನಿರಪರಾಧಿಗಳಾದ ಶರಣರು, ಹಾರೆಯಿಂದ ಹೊಡೆದವನನ್ನು ಅವರ ಪಕ್ಕದಲ್ಲಿ ನಿಲ್ಲಿಸುವುದೆ ಎಂದು ಓದುಗರು ಮುನಿಯಬಹುದು. ಹೋಲಿಕೆ ಆ ವ್ಯಕ್ತಿಗಳದ್ದಲ್ಲ. ಬಿಜ್ಜಳನ ಆಸ್ಥಾನದವರ ಕಣ್ಣಿಗೆ ಅವರೂ ಅಪರಾಧ ರುಜುವಾತಾದವರೇ ಆಗಿದ್ದರು, ಅವರ ಪರ ಹೇಳುವುದರಲ್ಲಿ ಹುರುಳಿಲ್ಲವೆಂದೇ ಆ ಆಸ್ಥಾನ ತಿಳಿದಿತ್ತು ಎಂಬುದಷ್ಟೇ ನಮ್ಮ ಮಾತು. ಯಾರ ಪರ ಹೇಳಲು ಏನೂ ಇಲ್ಲವೆಂಬುದು ಇನ್ನೊಬ್ಬರು ಕೇಳಿದ ಮೇಲೆ ತಿಳಿಯಬೇಕಾದ ಸಂಗತಿ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಅಷ್ಟೇ ಬಲವಾಗಿ ಹೇಳಬೇಕಾಗಿದೆ. ಕಡತವನ್ನೆಲ್ಲ ಓದಿಯೂ ಏನೂ ಸಿಗದ ಪ್ರಕರಣಗಳು ಇದ್ದೇ ಇವೆ. ಅಂಥಲ್ಲಿ ವಕೀಲನು ಕೈದಿಗೂ ಅವನ ಮನೆಯವರಿಗೂ ನಿಜವನ್ನು ಹೇಳಬೇಕು. ‘ನೋಡೋಣ, ದೇವರಿದ್ದಾನೆ’ ಎನ್ನುವುದು ದಯೆಯಂತೆ ಕಂಡರೂ ದಯೆಯಲ್ಲ. ನೇಮಿತ ವಕೀಲರಿಂದ ಖ್ಖಚಿತವಾದ ಮಾತು ಸಿಗದಿದ್ದಾಗಲೇ ಮನೆಯವರು ಮತ್ತೊಬ್ಬರ ಬಳಿ ಓಡುತ್ತಾರೆ. ‘ಸರ್ಕಾರಿ ವಕೀಲರಿಂದ ಏನಾದೀತು? ದೊಡ್ಡವರನ್ನು ಇಟ್ಟರೆ ಬಿಡಿಸಿಕೊಂಡು ಬರಬಹುದು’ ಎನ್ನುವ ಮಧ್ಯವರ್ತಿಗಳಿಗೆ ಯಾವ ಊರಿನಲ್ಲೂ ಬರವಿಲ್ಲ. ಎರಡು ಎಕರೆ ಎರೆಹೊಲ ಹೋಗುತ್ತದೆ, ಸೊಸೆಯ ತಾಳಿಸರ ಅಡವಿಗೆ ಹೋಗುತ್ತದೆ. ಅಪೀಲು ವಜಾ ಆದ ದಿನ ಮಗನೂ ಇಲ್ಲ, ಹೊಲವೂ ಇಲ್ಲ. ಮೊದಲೇ ಯಾರಾದರೂ ಎದುರು ಕೂಡಿಸಿಕೊಂಡು ‘ತಾಯಿ, ತಪ್ಪು ಮಾಡಿದ್ದಾನೆಂಬುದಕ್ಕೆ ಸಾಕ್ಷ್ಯ ಗಟ್ಟಿಯಾಗಿದೆ, ಶಿಕ್ಷೆ ಇಳಿಸಲು ಪ್ರಯತ್ನ ಮಾಡುತ್ತೇನೆ, ಬಿಡುಗಡೆಯ ಆಸೆ ಇಟ್ಟುಕೊಳ್ಳಬೇಡಿ, ಹೊಲ ಮಾರಬೇಡಿ’ ಎಂದಿದ್ದರೆ ಆ ಹೊಲವಾದರೂ ಮೊಮ್ಮಕ್ಕಳಿಗೆ ಉಳಿಯುತ್ತಿತ್ತು.

ಮೊದಲ ಅಪೀಲಿಗೂ ದಿಲ್ಲಿಗೆ ಹೋಗುವ ಅರ್ಜಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಮರಣದಂಡನೆಯಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ, ಉಚ್ಚ ನ್ಯಾಯಾಲಯ ಅಪೀಲನ್ನು ವಜಾ ಮಾಡಿದ ಮೇಲೆ ಸರ್ವೋಚ್ಚ ನ್ಯಾಯಾಲಯದ ಬಾಗಿಲು ಹಕ್ಕಿನಿಂದ ತೆರೆಯುವುದಿಲ್ಲ, ಆ ನ್ಯಾಯಾಲಯದ ಅನುಮತಿಯಿಂದ ತೆರೆಯುತ್ತದೆ. ಅಲ್ಲಿ ಹುರುಳನ್ನು ಮೊದಲೇ ಅಳೆಯುವುದು ನ್ಯಾಯವೇ. ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಕಾನೂನು ಸೇವೆಗಳ ಸಮಿತಿ ಇದೆ. ಅಲ್ಲಿಯ ವಕೀಲರು ಬೇಡವೆಂದರೆ, ಕಾರಣವನ್ನು ಬರೆದುಕೊಡಲು ಕೇಳಿ, ಬರೆದುಕೊಟ್ಟರೆ ನಂಬುವುದೇ ಲೇಸೆಂದು ನಮ್ಮ ಅನಿಸಿಕೆ.

ಅಪೀಲು ಹಾಕಿದರೆ ಶಿಕ್ಷೆ ಇನ್ನೂ ಹೆಚ್ಚಾದೀತೆಂದು ಹೆದರಿ ಸುಮ್ಮನಿರುವ ಮನೆಗಳೂ ಇವೆ. ಹೊಸ್ಕೋಟ್ ಪ್ರಕರಣದಲ್ಲಿ ಶಿಕ್ಷೆ ಏರಿದ್ದು ಸರ್ಕಾರ ಅಪೀಲು ಹೂಡಿದ್ದರಿಂದ. ಕೈದಿ ತಾನೇ ಹೂಡಿದ ಅಪೀಲಿನಲ್ಲಿ, ಸರ್ಕಾರವಾಗಲಿ ನೊಂದವರಾಗಲಿ ಮೇಲೆ ಹೋಗದಿರುವಾಗ, ಉಚ್ಚ ನ್ಯಾಯಾಲಯ ತಾನಾಗಿ ಶಿಕ್ಷೆಯನ್ನು ಏರಿಸುವಂತಿಲ್ಲವೆಂದು ತಮಿಳುನಾಡಿನಿಂದ ಬಂದ ಪ್ರಕರಣವೊಂದರಲ್ಲಿ 2025ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಆ ಪೀಠದಲ್ಲಿ ನಮ್ಮ ನಾಡಿನ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದರು. ಹೆದರಿಕೆಗೆ ಕಾರಣ ಅಷ್ಟರಮಟ್ಟಿಗೆ ಕಡಿಮೆಯಾಗಿದೆ.

ಸತ್ತವನ ಮನೆಯವರ ಪ್ರಶ್ನೆಗೆ ನಾವು ಇನ್ನೂ ಉತ್ತರ ಹೇಳಿಲ್ಲ. ಪೂರ್ತಿ ತೃಪ್ತಿ ಕೊಡುವ ಉತ್ತರ ನಮ್ಮಲ್ಲಿಲ್ಲ. ಅಪೀಲು ವರ್ಷಗಟ್ಟಲೆ ಬಾಕಿ ಬಿದ್ದಿರುವಾಗ, ಶಿಕ್ಷೆಯನ್ನು ತಡೆಹಿಡಿದು ಜಾಮೀನು ಕೊಟ್ಟಾಗ, ಪ್ರತಿಸಲವೂ ಅವರ ಗಾಯ ಕೆರೆದಂತಾಗುತ್ತದೆ. ಆದರೆ ಓದದೆ ಬರೆದ ಅಪೀಲಿನಿಂದ ಅವರಿಗೂ ಲಾಭವಿಲ್ಲ. ಸರಿಯಾದ ನೆರವು ಸಿಗದೆ ನಡೆದ ವಿಚಾರಣೆಯೇ ನಿಲ್ಲದೆಂದು 1986ರ ಸುಖ್ ದಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2019ರ ಅನೋಖಿಲಾಲ್ ಪ್ರಕರಣದಲ್ಲಿ, ಅವಸರವಾಗಿ ವಕೀಲರನ್ನು ನೇಮಿಸಿ ನಡೆಸಿದ ವಿಚಾರಣೆಯನ್ನು ರದ್ದುಗೊಳಿಸಿ ಮತ್ತೆ ಮೊದಲಿಂದ ನಡೆಸಲು ಆಜ್ಞಾಪಿಸಿತು. ಜೀವಾವಧಿ ಇಲ್ಲವೆ ಮರಣದಂಡನೆ ಬರಬಹುದಾದ ಪ್ರಕರಣಗಳಿಗೆ ಕನಿಷ್ಠ ಹತ್ತು ವರ್ಷ ವೃತ್ತಿಯಲ್ಲಿರುವವರನ್ನೇ ನೇಮಿಸಬೇಕು, ತಯಾರಿಗೆ ಸಾಮಾನ್ಯವಾಗಿ ಏಳು ದಿನಗಳಾದರೂ ಕೊಡಬೇಕೆಂದೂ ವಿಧಿಸಿತು. ಮತ್ತೆ ಮೊದಲಿಂದ ಎಂದರೆ ನೊಂದವರ ಮನೆಯವರು ಮತ್ತೊಮ್ಮೆ ಕಟಕಟೆ ಹತ್ತಬೇಕು. ವಕೀಲರು ಮೊದಲೇ ಸರಿಯಾಗಿ ದುಡಿದಿದ್ದರೆ ಆ ಸಂಕಟ ಅವರಿಗೆ ತಪ್ಪುತ್ತಿತ್ತು.

ಇನ್ನು ಮನೆಯವರು ಮಾಡಬೇಕಾದುದು. ಸೆಷನ್ಸ್ ನ್ಯಾಯಾಲಯಕ್ಕೆ ಹೋಗುವ ಅಪೀಲಿಗೆ 30 ದಿನ, ಉಚ್ಚ ನ್ಯಾಯಾಲಯಕ್ಕೆ ಹೋಗುವುದಕ್ಕೆ 60 ದಿನ ಅವಧಿ. ಮರಣದಂಡನೆಯಾಗಿದ್ದರೆ 30 ದಿನ ಮಾತ್ರ. ತಡವಾದರೆ ಕಾರಣ ತೋರಿಸಿ ಮನ್ನಿಸಲು ಕೇಳಬಹುದಾದರೂ ಅದನ್ನು ನೆಚ್ಚಿಕೊಳ್ಳಬಾರದು. ತೀರ್ಪಿನ ನಕಲನ್ನು ಹಣ ಕೊಟ್ಟು ಪಡೆಯಬೇಕಾಗಿಲ್ಲ, ಸಜೆಯಾದವನಿಗೆ ಅದು ಉಚಿತ. ಒಳಗಿರುವವನು ತನ್ನ ಅಪೀಲನ್ನು ಸೆರೆಮನೆಯ ಅಧೀಕ್ಷಕರ ಕೈಗೆ ಕೊಟ್ಟರೆ ಸಾಕು, ಅವರೇ ಅದನ್ನು ನ್ಯಾಯಾಲಯಕ್ಕೆ ಕಳುಹಿಸುತ್ತಾರೆ. ಕುಂದಾಪುರದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ, ಉಡುಪಿಯಲ್ಲಿ ಜಿಲ್ಲಾ ಪ್ರಾಧಿಕಾರ, ಬೆಂಗಳೂರಿನಲ್ಲಿ ಉಚ್ಚ ನ್ಯಾಯಾಲಯದ ಕಾನೂನು ಸೇವೆಗಳ ಸಮಿತಿ ಇವೆ. 15100 ಸಂಖ್ಯೆಗೆ ದೂರವಾಣಿ ಮಾಡಿದರೂ ದಾರಿ ತೋರಿಸುತ್ತಾರೆ. ಶಿಕ್ಷೆಯ ತೀರ್ಪಿನ ನಕಲಿನೊಡನೆಯೇ ಉಚಿತ ನೆರವಿನ ವಿವರವುಳ್ಳ ಹಾಳೆಯೊಂದನ್ನು ಲಗತ್ತಿಸುವ ವ್ಯವಸ್ಥೆ ಆಗಬೇಕೆಂದು 2024ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ನಕಲು ಕೈಗೆ ಬಂದಾಗ ಆ ಹಾಳೆಯಿದೆಯೇ ಎಂದು ನೋಡಿ, ಇಲ್ಲದಿದ್ದರೆ ಕೇಳಬೇಕು.

ವಕೀಲರ ನೇಮಕವಾಯಿತೆಂದು ತಿಳಿದೊಡನೆ ಅವರ ಹೆಸರು, ವಿಳಾಸಗಳನ್ನು ಬರೆದುಕೊಂಡು ಒಮ್ಮೆಯಾದರೂ ಕಾಣಬೇಕು, ಆಗದಿದ್ದರೆ ಪತ್ರ ಬರೆಯಬೇಕು. ಹೋಗುವಾಗ ಶಾಲೆಯ ಜನ್ಮದಿನಾಂಕದ ದಾಖಲೆ, ಮೊದಲಿದ್ದ ಕಾಯಿಲೆಯ ಕಾಗದಗಳು, ಬಂಧನವಾದ ದಿನಾಂಕ ಇವುಗಳನ್ನು ಒಯ್ಯಬೇಕು. ‘ಕಡತ ಓದಿದಿರಾ?’ ಎಂದು ವಕೀಲರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಓದಿದವರು ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಅವರಿಂದ ಕೆಲಸ ಆಗುತ್ತಿಲ್ಲವೆಂದು ಖಚಿತವಾದರೆ ನೇಮಿಸಿದ ಸಮಿತಿಗೇ ಬರೆದು ಬದಲಾಯಿಸಿಕೊಡಿರೆಂದು ಕೇಳಬಹುದು.

ಅಪೀಲು ಬಾಕಿಯಿರುವಾಗಲೇ ಕೈದಿ ತೀರಿಕೊಂಡರೆ ಸಾಮಾನ್ಯವಾಗಿ ಅಪೀಲೂ ಅಲ್ಲಿಗೆ ಮುಗಿಯುತ್ತದೆ. ಆದರೆ ತಂದೆ ತಾಯಿ, ಹೆಂಡತಿ ಅಥವಾ ಗಂಡ, ಮಕ್ಕಳು, ಒಡಹುಟ್ಟಿದವರು ಇವರಲ್ಲಿ ಯಾರಾದರೂ 30 ದಿನಗಳೊಳಗೆ ಅನುಮತಿ ಕೇಳಿ, ಅದನ್ನು ಮುಂದುವರಿಸಬಹುದು. ಸತ್ತವನಿಗೆ ಶಿಕ್ಷೆ ಇಳಿಯಬೇಕಾಗಿಲ್ಲ. ಮನೆಯ ಹೆಸರಿಗೆ ಅಂಟಿದ ಮಾತು ಉಳಿಯಬೇಕೋ ಹೋಗಬೇಕೋ ಎಂಬುದು ಮಾತ್ರ ಅಲ್ಲಿ ತೀರ್ಮಾನವಾಗುತ್ತದೆ. ಆ ಅಪೀಲಿಗೂ, ಹಣವಿಲ್ಲವೆಂದರೆ, ವಕೀಲರನ್ನು ಇದೇ ಸಮಿತಿಗಳಲ್ಲಿ ಕೇಳಬಹುದು.